ರಾತ್ರಿ ಜೆಟ್ಟಿಯಿಂದ ಸಿಗಡಿ ಹಿಡಿಯುವುದು: ಪದೇ ಪದೇ ಕೇಳುವ ಪ್ರಶ್ನೆಗಳು

ದೋಣಿಯಿಲ್ಲದೆ, ಸಾರ್ವಜನಿಕ ಜೆಟ್ಟಿಯ ಮೇಲೆ ನಿಂತು, ಮನೆಯ ಮಟ್ಟಿಗೆ ನಾಲ್ಕು ಸಿಗಡಿ ಹಿಡಿಯಬೇಕು ಎನ್ನುವವರಿಗಾಗಿ ಈ ಪುಟ. ಬರುವ ಪ್ರಶ್ನೆಗಳಲ್ಲಿ ಹೆಚ್ಚಿನವು ದೀಪದ ಬಗ್ಗೆ. ಉತ್ತರಗಳಲ್ಲಿ ಹೆಚ್ಚಿನವು ನೀರಿನ ಸೆಳವಿನ ಬಗ್ಗೆ. ದೀಪ ಎಷ್ಟೇ ಚೆನ್ನಾಗಿರಲಿ, ಸಿಗಡಿಯನ್ನು ನಿಮ್ಮ ಕಾಲಬುಡಕ್ಕೆ ತಂದುಕೊಡುವುದು ಸೆಳವೇ.

ರಾತ್ರಿಯೇ ಏಕೆ? ಹಗಲಲ್ಲಿ ಸಿಗುವುದಿಲ್ಲವೇ?

ಸಿಗುತ್ತದೆ, ಆದರೆ ಜೆಟ್ಟಿಯ ಮೇಲಿಂದ ಅಲ್ಲ. ನಾವು ತಿನ್ನುವ ಕಡಲ ಸಿಗಡಿಗಳಲ್ಲಿ ಬಹುಪಾಲು ಪೆನಿಯಿಡ್ ಗುಂಪಿನವು. ಇವು ಮೊಟ್ಟೆಯಿಡುವುದು ಕಡಲಲ್ಲಿ. ಮರಿಗಳು ಉಬ್ಬರದ ಜೊತೆ ಅಳಿವೆ, ಹಿನ್ನೀರುಗಳಿಗೆ ಬಂದು ಕೆಲವು ತಿಂಗಳು ಮೇದು ಬೆಳೆಯುತ್ತವೆ. ಆಮೇಲೆ ಇಳಿತದ ಜೊತೆ ಮತ್ತೆ ಕಡಲಿಗೆ ಹೊರಡುತ್ತವೆ. ಈ ವಾಪಸು ಪಯಣ ಹೆಚ್ಚಾಗಿ ರಾತ್ರಿಯದು. ಹಗಲಲ್ಲಿ ಮೀನುಗಳ ಕಣ್ಣು ತಪ್ಪಿಸಲು ಹಲವು ಜಾತಿಗಳು ಕೆಸರಿನಲ್ಲಿ ಕಣ್ಣಷ್ಟೇ ಹೊರಗಿಟ್ಟು ಹುದುಗಿರುತ್ತವೆ. ಕತ್ತಲಾದ ಮೇಲೆ ತಳ ಬಿಟ್ಟೆದ್ದು ಸೆಳವಿನಲ್ಲಿ ತೇಲಿಕೊಂಡು ಹೋಗುತ್ತವೆ. ನಮ್ಮ ಕೈಗೆ ಸಿಗುವುದು ಆ ಹೊತ್ತಿನಲ್ಲೇ.

ಹುಣ್ಣಿಮೆ ಒಳ್ಳೆಯದೋ ಅಮಾವಾಸ್ಯೆಯೋ?

ಎರಡರ ಆಸುಪಾಸಿನಲ್ಲೂ ನೀರಿನ ಏರಿಳಿತ ದೊಡ್ಡದು, ಸೆಳವು ಜೋರು, ಹೊರಹೋಗುವ ಸಿಗಡಿಯೂ ಹೆಚ್ಚು. ತಿಥಿಯ ದಿನಕ್ಕಿಂತ ಅದಾದ ಒಂದೆರಡು ದಿನಕ್ಕೆ ಏರಿಳಿತ ತುದಿ ಮುಟ್ಟುತ್ತದೆ. ಇವೆರಡರಲ್ಲಿ ಒಂದನ್ನು ಆರಿಸು ಎಂದರೆ ಅಮಾವಾಸ್ಯೆ. ಕತ್ತಲು ದಟ್ಟವಾಗಿದ್ದಾಗ ದೀಪದ ಬೆಳಕಿಗೆ ಬೆಲೆ ಹೆಚ್ಚು. ಬೆಳದಿಂಗಳಿನಲ್ಲಿ ಸಿಗಡಿ ತುಸು ಆಳದಲ್ಲೇ ಸಾಗುತ್ತದೆ, ಕೈಬಲೆಗೆ ಎಟುಕುವುದಿಲ್ಲ. ಅಷ್ಟಮಿಯ ಹೊತ್ತಿಗೆ ನೀರು ಮಂದ. ಆಗ ಹೋಗಿ ಗಾಳಿ ಸೇವಿಸಿ ಬರಬಹುದು.

ಉಬ್ಬರ-ಇಳಿತದ ಪಟ್ಟಿ ನೋಡಿಯೇ ಹೋಗಿದ್ದೆ. ಇಳಿತ ಶುರುವಾಗಿ ಅರ್ಧ ಗಂಟೆಯಾದರೂ ನೀರು ಕದಲಲಿಲ್ಲ. ಪಟ್ಟಿ ತಪ್ಪೇ?

ಪಟ್ಟಿ ಸರಿಯೇ ಇದೆ. ಅದು ಹೇಳುವುದು ನೀರಿನ ಎತ್ತರವನ್ನು, ಸೆಳವನ್ನಲ್ಲ. ಅಳಿವೆಯ ಒಳಭಾಗದಲ್ಲಿ ಎತ್ತರ ಇಳಿಯತೊಡಗಿದ ಮೇಲೂ ಸೆಳವು ತಿರುಗಲು ಅರ್ಧ ಗಂಟೆ, ಒಂದು ಗಂಟೆ, ಕೆಲವೆಡೆ ಇನ್ನೂ ಹೆಚ್ಚು ಹಿಡಿಯುತ್ತದೆ. ಪಟ್ಟಿಯಲ್ಲಿರುವುದು ಹತ್ತಿರದ ಬಂದರಿನ ಸಮಯವಾದರೆ ನಿಮ್ಮ ಜೆಟ್ಟಿಗೆ ಮತ್ತಷ್ಟು ವ್ಯತ್ಯಾಸ. ಎರಡು ಮೂರು ರಾತ್ರಿ ಸೆಳವು ತಿರುಗಿದ ಗಳಿಗೆಯನ್ನು ಬರೆದಿಟ್ಟುಕೊಂಡರೆ ನಿಮ್ಮ ಜಾಗದ ಲೆಕ್ಕ ಸಿಗುತ್ತದೆ. ಮುಂದಿನ ಸಲಕ್ಕೂ ಅದೇ ಅಂತರ ಹೆಚ್ಚುಕಮ್ಮಿ ನಡೆಯುತ್ತದೆ. ಉಬ್ಬರ ದಿನದಿಂದ ದಿನಕ್ಕೆ ಸುಮಾರು 50 ನಿಮಿಷ ತಡವಾಗುತ್ತದೆ ಎಂಬುದನ್ನು ಮರೆಯದಿದ್ದರಾಯಿತು.

ದಿನಕ್ಕೆ ಎರಡು ಉಬ್ಬರ ಬರುವ ತೀರಗಳಲ್ಲಿ ಒಂದು ಇಳಿತ ಸುಮಾರು ಆರು ಗಂಟೆಯದು. ಒಟ್ಟು ಇಳಿಯುವ ನೀರನ್ನು 12 ಪಾಲು ಮಾಡಿದರೆ ಮೊದಲ ಗಂಟೆಗೆ 1, ಎರಡನೆಯದಕ್ಕೆ 2, ಮೂರು ಮತ್ತು ನಾಲ್ಕನೆಯದಕ್ಕೆ ತಲಾ 3, ಐದನೆಯದಕ್ಕೆ 2, ಕೊನೆಗೆ 1. ಅಂದರೆ ನಡುವಿನ ಎರಡೇ ಗಂಟೆಗಳಲ್ಲಿ ಅರ್ಧ ನೀರು ಹೊರಹೋಗುತ್ತದೆ. ನಿಮ್ಮ ಕೆಲಸದ ಹೊತ್ತು ಅದು. ಆ ಎರಡು ಗಂಟೆ ಕತ್ತಲಲ್ಲಿ ಬೀಳುವ ರಾತ್ರಿಗಳನ್ನು ಮೊದಲೇ ಗುರುತು ಹಾಕಿಕೊಳ್ಳಿ. ಇಳಿತದ ನಡುಭಾಗ ಸಂಜೆ ಬೆಳಕಿರುವಾಗಲೇ ಮುಗಿಯುವ ದಿನ ಮನೆಯಲ್ಲಿರುವುದೇ ಲೇಸು.

ಸೆಳವು ಸಾಕಷ್ಟಿದೆಯೇ ಎಂದು ತಿಳಿಯುವುದು ಹೇಗೆ?

ಒಂದು ಒಣ ಎಲೆ ಹಾಕಿ. ಜೆಟ್ಟಿಯ ಪಕ್ಕ 10 ಮೀಟರ್ ಸಾಗಲು ಎಷ್ಟು ಸೆಕೆಂಡು ಹಿಡಿಯುತ್ತದೆ ಎಣಿಸಿ. 15ರಿಂದ 30 ಸೆಕೆಂಡು ಹದ. ಒಂದು ನಿಮಿಷವಾದರೂ ಎಲೆ ಅಲ್ಲೇ ಸುತ್ತುತ್ತಿದ್ದರೆ ಕಾಯಬೇಕು. 10 ಸೆಕೆಂಡಿಗೆ ಓಡಿಹೋದರೆ ಕೈಬಲೆಯನ್ನು ನೀರಿನಲ್ಲಿ ಹಿಡಿದು ನಿಲ್ಲಿಸುವುದೇ ಕಷ್ಟ.

ಜೆಟ್ಟಿಯ ಯಾವ ಬದಿಗೆ ನಿಲ್ಲಬೇಕು?

ಕೈಬಲೆಯಾದರೆ ಸೆಳವು ಬರುವ ಬದಿಗೆ. ದೀಪವೂ ಅಲ್ಲೇ. ದೂರದಿಂದ ತೇಲಿಬರುವ ಸಿಗಡಿ ಬೆಳಕಿನೊಳಗೆ ಬಂದು ನಿಮ್ಮ ಕೆಳಗೆ ತಲುಪಲು ಐದಾರು ಸೆಕೆಂಡು ಸಿಗುತ್ತದೆ, ಬಲೆ ಸಿದ್ಧಮಾಡಿಕೊಳ್ಳಬಹುದು. ಎದುರು ಬದಿಗೆ ನಿಂತರೆ ಸಿಗಡಿ ಜೆಟ್ಟಿಯ ಅಡಿಯಿಂದ ದಿಢೀರೆಂದು ಹೊರಬಂದು, ನೀವು ನೋಡುವಷ್ಟರಲ್ಲಿ ದಾಟಿಹೋಗಿರುತ್ತದೆ.

ಬೀಸುಬಲೆಗೆ ಇದು ಉಲ್ಟಾ. ಅದನ್ನು ಸೆಳವು ಹೋಗುವ ಬದಿಗೆ ಬೀಸಬೇಕು. ಮುಳುಗುತ್ತಿರುವ ಬಲೆಯನ್ನು ನೀರು ಜೆಟ್ಟಿಯಿಂದ ಆಚೆಗೆ ಒಯ್ಯುತ್ತದೆ. ಬರುವ ಬದಿಗೆ ಬೀಸಿದರೆ ಕಂಬಗಳ ನಡುವೆ ನುಗ್ಗಿಸುತ್ತದೆ. ಕಂಬಕ್ಕೆ ಅಂಟಿದ ಚಿಪ್ಪುಗಳು ಬ್ಲೇಡಿನಷ್ಟೇ ಹರಿತ. ಮೊದಲ ಬೀಸಿಗೇ ಹೊಸ ಬಲೆ ಹರಿದುಕೊಂಡವರು ಬಹಳ.

ಜೆಟ್ಟಿಯ ಉದ್ದಕ್ಕೂ ಸಿಗಡಿ ಸಮನಾಗಿ ಹರಿಯುವುದಿಲ್ಲ. ಆಳದ ಕಾಲುವೆ ಹಾದುಹೋಗುವ ಜಾಗ, ಸೆಳವು ತಿರುವು ತೆಗೆದುಕೊಳ್ಳುವ ಜಾಗ, ನೊರೆ-ಕಸದ ಗೆರೆ ಮೂಡುವ ಜಾಗ, ಈ ಮೂರನ್ನು ಮೊದಲು ನೋಡಿ.

ದೀಪ ಯಾವುದು? ಹಸಿರೇ ಬೇಕೇ?

ಬೇಕೇ ಬೇಕು ಎಂದೇನಿಲ್ಲ. ಅಳಿವೆಯ ನೀರಿನಲ್ಲಿ ಕೊಳೆತ ಎಲೆ, ಕಡ್ಡಿಗಳ ರಸ ಕರಗಿರುತ್ತದೆ. ಅದು ನೀಲಿಯನ್ನು ಹೀರಿಕೊಳ್ಳುತ್ತದೆ, ಕೆಂಪನ್ನು ನೀರೇ ಹೀರಿಬಿಡುತ್ತದೆ. ಉಳಿದವಕ್ಕಿಂತ ಹಸಿರು ಹೆಚ್ಚು ಆಳ ಇಳಿಯುತ್ತದೆ, ಅಷ್ಟೇ ಅದರ ಗುಟ್ಟು. ಮುಳುಗಿಸುವ ದೀಪಕ್ಕೆ ಹಸಿರು ಒಳ್ಳೆಯದು. ಮೇಲಿಂದ ತೂಗುಹಾಕುವ ದೀಪಕ್ಕೆ ಸಾದಾ ಬಿಳಿ ಎಲ್‌ಇಡಿ ಸಾಕು, ನೀರಿನ ಮೇಲ್ಮೈಯಿಂದ ಒಂದು-ಒಂದೂವರೆ ಮೀಟರ್ ಎತ್ತರದಲ್ಲಿ, ಬೆಳಕು ಕೆಳಗಷ್ಟೇ ಬೀಳುವಂತೆ ಮರೆ ಕಟ್ಟಿ.

ದೀಪ ಸಿಗಡಿಯನ್ನು ಸೆಳೆಯುತ್ತದೆ ಎಂಬ ಮಾತು ಅರ್ಧ ಮಾತ್ರ ನಿಜ. ಬೆಳಕಿಗೆ ಮೊದಲು ಸೇರುವುದು ಸಣ್ಣ ಜೀವಿಗಳು, ಅವುಗಳ ಹಿಂದೆ ಮರಿಮೀನು. ಸಾಗುತ್ತಿರುವ ಸಿಗಡಿಗೆ ದೀಪ ದಾರಿ ಬದಲಿಸುವಷ್ಟು ದೊಡ್ಡ ಆಕರ್ಷಣೆಯಲ್ಲ. ದೀಪದ ಮುಖ್ಯ ಕೆಲಸ ನಿಮಗೆ ತೋರಿಸುವುದು. ಹಾಗಾಗಿ ಹತ್ತು ದೀಪ ಕಟ್ಟಿದವನಿಗೆ ಹತ್ತು ಪಟ್ಟು ಸಿಗುವುದಿಲ್ಲ.

ಇನ್ನೊಂದು ಮಾತು. ದೋಣಿಗಳ ಪಕ್ಕದೀಪಗಳು ಕೆಂಪು ಮತ್ತು ಹಸಿರು. ನೀರಿನ ಮೇಲೆ ಬರಿಯ ಹಸಿರು ದೀಪ ಹೊಳೆಯುತ್ತಿದ್ದರೆ ರಾತ್ರಿ ಬರುವ ದೋಣಿಯವರು ಗೊಂದಲಕ್ಕೆ ಬೀಳಬಹುದು. ಹಸಿರನ್ನು ನೀರೊಳಗೇ ಇಡಿ.

ಬ್ಯಾಟರಿ ಎಷ್ಟು ದೊಡ್ಡದಿರಬೇಕು?

20 ವ್ಯಾಟಿನ ದೀಪ 12 ವೋಲ್ಟಿನಲ್ಲಿ ಸುಮಾರು 1.7 ಆಂಪಿಯರ್ ಎಳೆಯುತ್ತದೆ. ನಾಲ್ಕು ಗಂಟೆಗೆ ಹೆಚ್ಚುಕಡಿಮೆ 7 ಆಂಪಿಯರ್-ಅವರ್. ಸೀಸದ ಬ್ಯಾಟರಿಯನ್ನು ಅರ್ಧಕ್ಕಿಂತ ಕೆಳಗೆ ಇಳಿಸಿದರೆ ಬೇಗ ಹಾಳಾಗುತ್ತದೆ. ಆದ್ದರಿಂದ 18 ಆಂಪಿಯರ್-ಅವರಿನದು ಸರಿ. ಲಿಥಿಯಂ ಆದರೆ 10 ಸಾಕು, ಹೊರುವ ಭಾರವೂ ಕಡಿಮೆ. ಮುಳುಗಿಸುವ ದೀಪವನ್ನು ನೀರಿಗೆ ಇಳಿಸಿದ ಮೇಲೆ ಹಚ್ಚಿ. ಹಲವು ದೀಪಗಳು ತಣ್ಣಗಾಗುವುದು ನೀರಿನಿಂದಲೇ, ಗಾಳಿಯಲ್ಲಿ ಉರಿಸಿದರೆ ಕಾದು ಕೆಡುತ್ತವೆ. ದೀಪವನ್ನು ಅದರ ವೈರಿನಿಂದ ತೂಗುಹಾಕಬೇಡಿ, ಬೇರೆ ಹಗ್ಗ ಕಟ್ಟಿ.

ಪಕ್ಕದವರು ಹಿಡಿಯುತ್ತಲೇ ಇದ್ದರು, ನನಗೆ ಒಂದೂ ಕಾಣಲಿಲ್ಲ. ಏನು ನೋಡಬೇಕು?

ಸಿಗಡಿಯ ಮೈಯನ್ನು ಹುಡುಕಬೇಡಿ, ಅದು ನೀರಿನಲ್ಲಿ ಗಾಜಿನಂತೆ. ಕಣ್ಣು ಹುಡುಕಿ. ಬೆಳಕು ಬಿದ್ದಾಗ ಅದರ ಕಣ್ಣು ಕೆಂಡದ ಕಿಡಿಯಂತೆ ಕಿತ್ತಳೆ-ಕೆಂಪಾಗಿ ಹೊಳೆಯುತ್ತದೆ. ಆದರೆ ಆ ಹೊಳಪು ಬೆಳಕು ಬಂದ ದಿಕ್ಕಿಗೇ ಮರಳುತ್ತದೆ. ಜೆಟ್ಟಿಗೆ ಕಟ್ಟಿದ ದೀಪದಿಂದ ನಿಮಗೆ ಆ ಕಿಡಿ ಕಾಣುವುದಿಲ್ಲ. ಹಣೆಗೆ ಕಟ್ಟಿದ ದೀಪದಿಂದ ಕಾಣುತ್ತದೆ, ಏಕೆಂದರೆ ದೀಪವೂ ನಿಮ್ಮ ಕಣ್ಣೂ ಒಂದೇ ಗೆರೆಯಲ್ಲಿರುತ್ತವೆ. ಪಕ್ಕದವರ ಹಣೆಯಲ್ಲಿ ದೀಪವಿತ್ತೇ ನೆನಪಿಸಿಕೊಳ್ಳಿ.

ಬೆಳಕಿನ ನಡುಮಧ್ಯ ನೋಡುವುದಕ್ಕಿಂತ ಬೆಳಕು ಮುಗಿದು ಕತ್ತಲು ಶುರುವಾಗುವ ಅಂಚನ್ನು ನೋಡಿ. ಎರಡು ಕಿಡಿ ಜೋಡಿಯಾಗಿ, ಎಲೆಯಷ್ಟೇ ವೇಗದಲ್ಲಿ, ತುಸು ಏರುತ್ತ ಇಳಿಯುತ್ತ ಬಂದರೆ ಅದು ಸಿಗಡಿ. ಸರ್ರನೆ ದಿಕ್ಕು ಬದಲಿಸಿದರೆ ಮೀನು.

ಕೈಬಲೆ ಎಂಥದ್ದು ತಗೋಬೇಕು?

ಬಳೆ 40ರಿಂದ 50 ಸೆಂಟಿಮೀಟರ್ ಅಗಲ, ಚೀಲ ಬಳೆಯ ಅಗಲಕ್ಕಿಂತ ಆಳ, ಬಲೆಯ ಕಣ್ಣು 6ರಿಂದ 10 ಮಿಲಿಮೀಟರ್. ಕಣ್ಣು ಇದಕ್ಕಿಂತ ಸಣ್ಣದಾದರೆ ನೀರಿನಲ್ಲಿ ಎಳೆಯುವಾಗ ಬಕೆಟ್ಟಿನಂತೆ ಭಾರ. ಹಿಡಿಯ ಉದ್ದಕ್ಕೆ ಲೆಕ್ಕ ಬೇಕು: ಇಳಿತ ಮುಗಿಯುವ ಹೊತ್ತಿಗೆ ಕಟಾಂಜನದಿಂದ ನೀರು ಎಷ್ಟು ಕೆಳಗಿರುತ್ತದೋ ಅದಕ್ಕೆ ಒಂದು ಮೀಟರ್ ಸೇರಿಸಿ. ನೀರು ತುಂಬಿದಾಗ ಅಳತೆ ನೋಡಿ ಹಿಡಿ ಕೊಂಡವರಿಗೆ ಒಳ್ಳೆಯ ಹೊತ್ತಿನಲ್ಲಿ ಬಲೆ ನೀರಿಗೇ ಎಟುಕುವುದಿಲ್ಲ. ಐದು ಮೀಟರ್ ಮೀರಿದರೆ ಹಿಡಿ ಬಳುಕುತ್ತದೆ, ಅಂಥ ಎತ್ತರದ ಜೆಟ್ಟಿಗೆ ಬೀಸುಬಲೆಯೇ ಸರಿ.

ಬಲೆ ಹತ್ತಿರ ಒಯ್ದೊಡನೆ ಸಿಗಡಿ ಹಾರಿ ಮಾಯವಾಗುತ್ತದೆ. ಏನು ತಪ್ಪು?

ಮುಂದಿನಿಂದ ಬಲೆ ಹಾಕುತ್ತಿದ್ದೀರಿ. ಸಿಗಡಿ ಹೆದರಿದರೆ ಮುಂದಕ್ಕೆ ಓಡುವುದಿಲ್ಲ. ಬಾಲವನ್ನು ಹೊಟ್ಟೆಯಡಿಗೆ ಟಪ್ಪನೆ ಮಡಚಿ ಹಿಂದಕ್ಕೆ ಚಿಮ್ಮುತ್ತದೆ. ನೀವು ತಲೆಯ ಕಡೆಯಿಂದ ಬಂದಷ್ಟೂ ಅದಕ್ಕೆ ಹಿಂದೆ ಬಯಲೇ ಬಯಲು. ಬಲೆ ಇರಬೇಕಾದದ್ದು ಅದರ ಬಾಲದ ಹಿಂದೆ.

ಕಂಬಕ್ಕೋ ಮೆಟ್ಟಿಲಿಗೋ ಅಂಟಿ ಕೂತಿರುವ ಸಿಗಡಿಯಾದರೆ ಸುಲಭ. ಬಲೆಯನ್ನು ಒಂದು ಗೇಣು ಹಿಂದೆ ನಿಧಾನವಾಗಿ ಇಳಿಸಿ ನಿಲ್ಲಿಸಿ, ಕೋಲಿನ ತುದಿಯಿಂದ ಅದರ ಮೀಸೆ ಮುಟ್ಟಿ. ತಾನಾಗಿಯೇ ಬಲೆಯೊಳಗೆ ಹಾರುತ್ತದೆ. ಮೊದಲ ಸಲ ನೋಡಿದವರಿಗೆ ಇದು ಮೋಸ ಅನ್ನಿಸುವಷ್ಟು ಸಲೀಸು.

ತೇಲಿಬರುವುದಕ್ಕೆ ತುಸು ಅಭ್ಯಾಸ ಬೇಕು. ಸಿಗಡಿ ಎರಡು ಮೀಟರ್ ದೂರ ಇರುವಾಗಲೇ ಬಲೆ ನೀರಿಗಿಳಿದಿರಬೇಕು. ಅದು ಹತ್ತಿರ ಬಂದ ಮೇಲೆ ಬಲೆ ಅದ್ದಿದರೆ ಆ ಸಪ್ಪಳಕ್ಕೇ ಚಿಮ್ಮುತ್ತದೆ. ಬಳೆಯನ್ನು ಅದರ ದಾರಿಗಿಂತ ಎರಡು ಗೇಣು ಆಳದಲ್ಲಿ ಅಡ್ಡ ಮಲಗಿಸಿ ಹಿಡಿಯಿರಿ. ಸಿಗಡಿ ಬಳೆಯ ಮೇಲೆ ಬಂದಾಗ, ಬಾಲದ ಕಡೆಯ ಅಂಚು ಮೊದಲು ಏಳುವಂತೆ ಒಂದೇ ಎಳೆತಕ್ಕೆ ಮೇಲೆತ್ತಿ. ಎತ್ತಿದೊಡನೆ ಬಳೆಯನ್ನು ಅರ್ಧ ಸುತ್ತು ತಿರುಗಿಸಿದರೆ ಚೀಲ ಅಂಚಿನ ಮೇಲೆ ಮಡಚಿ ಬಾಯಿ ಮುಚ್ಚುತ್ತದೆ. ಹೀಗೆ ತಿರುಗಿಸದೆ ಎತ್ತಿದ ಬಲೆಯಿಂದ ದಾರಿಯಲ್ಲೇ ಚಿಮ್ಮಿ ಹೋಗುವವು ಬಹಳ.

ಜೆಟ್ಟಿಯ ಮೇಲಿಂದ ಬೀಸುಬಲೆ ಬೀಸಬಹುದೇ?

ಬಲೆಗೆ ಅನುಮತಿ ಇರುವ ಕಡೆ ಬೀಸಬಹುದು. ನೆತ್ತಿಯಿಂದ ಅಂಚಿಗೆ 1.5ರಿಂದ 1.8 ಮೀಟರಿನ ಬಲೆ ಕಟಾಂಜನದ ಮೇಲಿಂದ ಬೀಸಲು ಹಿತ. ಬಲೆಯ ಅಂಚಿಗೆ ಪೋಣಿಸಿದ ಗುಂಡುಗಳ ಒಟ್ಟು ತೂಕ ಈ ಅಳತೆಯ ಮೀಟರಿಗೆ ಒಂದೂವರೆ ಕಿಲೋ ಲೆಕ್ಕದಲ್ಲಿರಲಿ, ಅಂದರೆ 1.8 ಮೀಟರಿನದಕ್ಕೆ 2.7 ಕಿಲೋ. ಹಗುರವಾದರೆ ತಳ ಮುಟ್ಟುವ ಮೊದಲೇ ಬಲೆ ಕೊಡೆಯಂತೆ ಮಡಚಿಕೊಂಡು, ಸಿಗಡಿ ಅಡಿಯಿಂದ ಜಾರುತ್ತದೆ.

ಹಗ್ಗದ ಉದ್ದದಲ್ಲಿ ಎಲ್ಲರೂ ಎಡವುತ್ತಾರೆ. ಜೆಟ್ಟಿ ನೀರಿನಿಂದ 4 ಮೀಟರ್ ಎತ್ತರ, ನೀರಿನ ಆಳ 4 ಮೀಟರ್ ಎಂದಿಟ್ಟುಕೊಳ್ಳಿ. ತಳ ಮುಟ್ಟಲು ಬಲೆಗೆ ಏಳೆಂಟು ಸೆಕೆಂಡು ಬೇಕು. ಅಷ್ಟರಲ್ಲಿ ಸೆಳವು ಅದನ್ನು ಮೂರು-ನಾಲ್ಕು ಮೀಟರ್ ಒಯ್ದಿರುತ್ತದೆ. 12 ಮೀಟರಿಗಿಂತ ಕಡಿಮೆಯ ಹಗ್ಗ ಸಾಲದು. ಹಗ್ಗ ಬಿಗಿಯಾದ ಕ್ಷಣ ಬಲೆಯ ಬಾಯಿ ಮುಚ್ಚತೊಡಗುತ್ತದೆ, ತಳ ಇನ್ನೂ ಕೆಳಗಿರುವಾಗಲೇ.

ಬಲೆಯ ಕಣ್ಣನ್ನು ಗಂಟಿನಿಂದ ಗಂಟಿಗೆ ಅಳೆಯುವುದು ಒಂದು ಕ್ರಮ, ಎಳೆದು ಹಿಡಿದು ಅಳೆಯುವುದು ಇನ್ನೊಂದು. ಒಂದೇ ಬಲೆ ಮೊದಲಿನದರಲ್ಲಿ 10, ಎರಡನೆಯದರಲ್ಲಿ 20 ಮಿಲಿಮೀಟರ್. ನಿಯಮದಲ್ಲಿ ಯಾವ ಅಳತೆ ಹೇಳಿದ್ದಾರೆ ನೋಡಿಯೇ ಕೊಳ್ಳಿ.

ಗಾಳ ಹಾಕಿರುವವರ ನಡುವೆ ಬೀಸಬೇಡಿ. ಬೀಸುವ ಮುನ್ನ ಹಿಂದೆ ಯಾರಿದ್ದಾರೆ ತಿರುಗಿ ನೋಡಿ. ಗುಂಡಿನ ಅಂಚನ್ನು ಹಲ್ಲಿನಲ್ಲಿ ಕಚ್ಚಿ ಬೀಸುವ ರೂಢಿ ಕೆಲವರಿಗಿದೆ, ಅದರಿಂದ ಹಲ್ಲು ಮುರಿದುಕೊಂಡವರೂ ಇದ್ದಾರೆ. ಮಣಿಕಟ್ಟಿನ ಕುಣಿಕೆ ಒಂದೇ ಎಳೆತಕ್ಕೆ ಬಿಚ್ಚುವಂತಿರಲಿ. ಬಲೆ ಹಾದುಹೋಗುವ ದೋಣಿಗೆ ಸಿಕ್ಕಿಕೊಂಡರೆ ಹೋಗಬೇಕಾದದ್ದು ಬಲೆ, ನೀವಲ್ಲ.

ಬುಡಕ್ಕೆ ಮೀನಿನ ತುಂಡು ಕಟ್ಟಿ ಇಳಿಸುವ ಬಳೆಬಲೆಗೆ ಸಿಗಡಿ ಬರುತ್ತದೆಯೇ?

ಏಡಿ ಬರುತ್ತದೆ. ಸಿಗಡಿ ಬಂದರೂ ಎತ್ತುವಾಗ ಅಂಚಿನಾಚೆ ಚಿಮ್ಮುತ್ತದೆ. ನೀರು ನಿಂತಿರುವ ಹೊತ್ತನ್ನು ಕಳೆಯಲು ಅಡ್ಡಿಯಿಲ್ಲ.

ಜೋರು ಮಳೆ ಬಂದ ಮೇಲೆ ಹೋಗಬಹುದೇ?

ಮಳೆ ನಿಂತ ಒಂದೆರಡು ದಿನಕ್ಕೆ ಹೋಗಬಹುದು. ಸಿಹಿನೀರು ತುಂಬಿ ಅಳಿವೆಯ ಉಪ್ಪು ಇಳಿದರೆ ಸಿಗಡಿಗಳು ಗುಂಪುಗುಂಪಾಗಿ ಕಡಲ ಕಡೆ ಹೊರಡುತ್ತವೆ. ಚಳಿ ಏರುವ ನಾಡುಗಳಲ್ಲಿ ನೀರು ತಟ್ಟನೆ ತಣ್ಣಗಾದಾಗಲೂ ಹೀಗೆಯೇ. ಆದರೆ ನೀರು ಕೆಂಪಾಗಿ ರಾಡಿಯಾದರೆ ದೀಪ ಒಂದಡಿಯೂ ಇಳಿಯುವುದಿಲ್ಲ, ಆಗ ಬೀಸುಬಲೆಯವರಿಗಷ್ಟೇ ಲಾಭ. ಚರಂಡಿ ಬಂದು ಸೇರುವ ಜಾಗವಾದರೆ ಮಳೆಯ ಮೇಲೆ ಅಲ್ಲಿ ಹಿಡಿದದ್ದನ್ನು ತಿನ್ನಬೇಡಿ.

ಪರವಾನಗಿ ಬೇಕೇ? ಎಷ್ಟು ಹಿಡಿಯಬಹುದು?

ತೀರದಿಂದ ತೀರಕ್ಕೆ ಬೇರೆ. ಮಿತಿಯನ್ನು ಸಾಮಾನ್ಯವಾಗಿ ಎಣಿಕೆಯಲ್ಲಿ ಅಲ್ಲ, ಪಾತ್ರೆಯ ಅಳತೆಯಲ್ಲಿ ಹೇಳುತ್ತಾರೆ: ಅಮೆರಿಕದ ಫ್ಲಾರಿಡಾದಲ್ಲಿ ಒಬ್ಬರಿಗೆ ದಿನಕ್ಕೆ ತಲೆಸಮೇತ 5 ಗ್ಯಾಲನ್, ಆಸ್ಟ್ರೇಲಿಯಾದ ನ್ಯೂ ಸೌತ್ ವೇಲ್ಸ್‌ನಲ್ಲಿ 10 ಲೀಟರ್. ಹೊರಡುವ ಮುನ್ನ ಐದು ಸಂಗತಿ ಕೇಳಿಕೊಳ್ಳಿ: ಪರವಾನಗಿ, ನಿಷೇಧದ ತಿಂಗಳು, ಅನುಮತಿಯಿರುವ ಬಲೆ, ಕಣ್ಣಿನ ಅಳತೆ, ದಿನದ ಮಿತಿ. ಇವಲ್ಲದೆ ಜೆಟ್ಟಿಗೇ ಪ್ರತ್ಯೇಕ ನಿಯಮ ಇರುತ್ತದೆ, ಬಾಗಿಲಲ್ಲಿ ಫಲಕ ಹಾಕಿರುತ್ತಾರೆ. ಜೆಟ್ಟಿಗೆ ಬಲೆ ಕಟ್ಟಿಬಿಟ್ಟು ಸೆಳವಿಗೆ ತುಂಬಿಸಿಕೊಳ್ಳುವುದು ಹಲವೆಡೆ ನಿಷಿದ್ಧ.

ಯಾವುದನ್ನು ಬಿಡಬೇಕು?

ಬೆರಳಿಗಿಂತ ಸಣ್ಣದನ್ನು ಬಿಡಿ, ಸುಲಿದರೆ ಏನೂ ಉಳಿಯುವುದಿಲ್ಲ. ಹೊಟ್ಟೆಯಡಿಯಲ್ಲಿ ಮೊಟ್ಟೆಯ ಗೊಂಚಲು ಹೊತ್ತಿರುವುದನ್ನು ಕಡ್ಡಾಯವಾಗಿ ಬಿಡಿ. ಪೆನಿಯಿಡ್ ಸಿಗಡಿ ಮೊಟ್ಟೆಗಳನ್ನು ನೇರ ನೀರಿಗೆ ಬಿಡುತ್ತದೆ, ಹೊತ್ತು ತಿರುಗುವುದಿಲ್ಲ. ಗೊಂಚಲು ಕಂಡರೆ ಅದು ಬೇರೆ ಜಾತಿ, ಅಳಿವೆಗೆ ಮೊಟ್ಟೆ ಬಿಡಲು ಇಳಿದ ನದಿಸಿಗಡಿ ಇರಬಹುದು.

ಬೀಸುಬಲೆಯಲ್ಲಿ ಮುಳ್ಳಿರುವ ಮೀನು ಬಂದರೆ ಕೈ ಹಾಕಬೇಡಿ, ಬಲೆ ತಲೆಕೆಳಗು ಮಾಡಿ ಕೊಡವಿ. ಚಪ್ಪಟೆ ಮೈ, ಮಡಚಿಕೊಂಡ ಮುಂಗೈ ಇರುವ ಮ್ಯಾಂಟಿಸ್ ಸಿಗಡಿಯನ್ನೂ ಬರಿಗೈಲಿ ಹಿಡಿಯಬೇಡಿ, ಅದರ ಹೊಡೆತಕ್ಕೆ ಬೆರಳು ಸೀಳುತ್ತದೆ.

ಸಿಗಡಿಯ ಕೊಂಬು ಚುಚ್ಚಿತು. ಗಾಬರಿಪಡಬೇಕೇ?

ಕೂಡಲೇ ಶುದ್ಧ ನೀರು, ಸೋಪಿನಲ್ಲಿ ತೊಳೆಯಿರಿ. ಬಹುತೇಕ ಅಷ್ಟಕ್ಕೇ ಮುಗಿಯುತ್ತದೆ. ಆದರೆ ಬೆಚ್ಚನೆಯ ಉಪ್ಪುನೀರಿನಲ್ಲಿ ವಿಬ್ರಿಯೊ ವಲ್ನಿಫಿಕಸ್ ಎಂಬ ಬ್ಯಾಕ್ಟೀರಿಯಾ ಇರುತ್ತದೆ. ಗಾಯದೊಳಗೆ ಹೊಕ್ಕರೆ ಗಂಟೆಗಳ ಲೆಕ್ಕದಲ್ಲಿ ಹರಡುತ್ತದೆ. ಗಾಯದ ಸುತ್ತ ಕೆಂಪು ಹಬ್ಬಿ, ಊದಿ, ಗಾಯಕ್ಕೆ ಮೀರಿದ ನೋವು ಅಥವಾ ಜ್ವರ ಬಂದರೆ ಬೆಳಗಾಗಲಿ ಎಂದು ಕಾಯಬೇಡಿ. ಆಸ್ಪತ್ರೆಯಲ್ಲಿ ಕಡಲ ನೀರಿನ ಗಾಯ ಎಂದು ಬಾಯಿಬಿಟ್ಟು ಹೇಳಿ. ಪಿತ್ತಜನಕಾಂಗದ ಕಾಯಿಲೆ, ಸಕ್ಕರೆ ಕಾಯಿಲೆ ಇರುವವರು ಕೈಗವಸಿಲ್ಲದೆ ಈ ಕೆಲಸಕ್ಕೆ ಇಳಿಯದಿರುವುದು ಒಳ್ಳೆಯದು.

ಮನೆಗೆ ತರುವಷ್ಟರಲ್ಲಿ ತಲೆ ಕಪ್ಪಾಗಿ ಮೈ ಮೆತ್ತಗಾಗಿರುತ್ತದೆ. ಏಕೆ?

ಬಕೆಟ್ಟಿನಲ್ಲಿ ಹಾಗೇ ಬಿಟ್ಟಿದ್ದಕ್ಕೆ. ಕಪ್ಪಾಗುವುದು ಸಿಗಡಿಯ ಮೈಯಲ್ಲೇ ಇರುವ ಕಿಣ್ವ ಗಾಳಿಯ ಆಮ್ಲಜನಕದ ಜೊತೆ ಸೇರಿ. ಕತ್ತರಿಸಿಟ್ಟ ಸೇಬು ಕಂದಾಗುವಂಥದ್ದೇ ಕ್ರಿಯೆ, ಅದೊಂದರಿಂದಲೇ ಸಿಗಡಿ ಕೆಟ್ಟಿತು ಎನ್ನಲಾಗದು. ಮೆತ್ತಗಾಗುವುದು ಬೇರೆ: ತಲೆಯೊಳಗಿನ ಜೀರ್ಣರಸ ಸೋರಿ ಮಾಂಸವನ್ನು ಕರಗಿಸತೊಡಗುತ್ತದೆ. ಎರಡಕ್ಕೂ ಮದ್ದು ತಣ್ಣಗಿಡುವುದು.

ಪೆಟ್ಟಿಗೆಯಲ್ಲಿ ಎರಡು ಪಾಲು ಪುಡಿ ಐಸು, ಒಂದು ಪಾಲು ಕಡಲ ನೀರು ಕಲಸಿಡಿ. ಉಪ್ಪಿನ ದೆಸೆಯಿಂದ ಅದು ಸೊನ್ನೆ ಡಿಗ್ರಿಗಿಂತ ತುಸು ಕೆಳಗಿಳಿಯುತ್ತದೆ. ಹಿಡಿದದ್ದು ನೇರ ಅದರೊಳಗೆ. ಹೊರಡುವಾಗ ನೀರು ಬಸಿದು ಬರೀ ಐಸಿನ ಮೇಲೆ ಹರಡಿ. ಕರಗಿದ ಸಿಹಿನೀರಿನಲ್ಲಿ ತಾಸುಗಟ್ಟಲೆ ಮುಳುಗಿದರೆ ರುಚಿಯೆಲ್ಲ ನೀರಿಗೆ ಹೋಗುತ್ತದೆ. ಮನೆ ಮುಟ್ಟಿದೊಡನೆ ತಲೆ ಮುರಿಯಿರಿ, ಎಷ್ಟೇ ತಡವಾಗಿರಲಿ. ತೂಕದಲ್ಲಿ ಮೂರರಲ್ಲೊಂದು ಪಾಲಿಗಿಂತ ಹೆಚ್ಚು ತಲೆಗೇ ಹೋಗುತ್ತದೆ, ಅದಕ್ಕೆ ಬೇಸರ ಬೇಡ.

ಗಾಳಕ್ಕೆ ಜೀವಂತ ಇಡಬೇಕಾದರೆ?

ಗಾಳಿಗುಳ್ಳೆ ಬಿಡುವ ಪಂಪು, ಹಿಡಿದ ಜಾಗದ್ದೇ ನೀರು, ಒಂದು ಹಿಡಿ ಪಾಚಿ ಅಥವಾ ಬಲೆಯ ತುಂಡು. ಹಿಡಿದುಕೊಳ್ಳಲು ಏನೂ ಇಲ್ಲದಿದ್ದರೆ ಒಂದರ ಮೇಲೊಂದು ಬಿದ್ದು ಸಾಯುತ್ತವೆ. ಸತ್ತದ್ದನ್ನು ಆಗಾಗ ಹೆಕ್ಕಿ ತೆಗೆಯಿರಿ.

ರಾತ್ರಿ ಜೆಟ್ಟಿಯ ಮೇಲೆ ಇನ್ನೇನು ನೋಡಿಕೊಳ್ಳಬೇಕು?

ಒಬ್ಬರೇ ಹೋಗಬೇಡಿ. ಮೆಟ್ಟಿಲಿಗೆ ಇಳಿಯುವವರು ತೇಲುಜಾಕೆಟ್ ಹಾಕಿಕೊಳ್ಳಲಿ. ಇಳಿತದಲ್ಲಿ ಹೊಸದಾಗಿ ತೆರೆದುಕೊಂಡ ಮೆಟ್ಟಿಲುಗಳ ಪಾಚಿ ಎಣ್ಣೆ ಸವರಿದಂತಿರುತ್ತದೆ. ಇಳಿತದ ಸೆಳವಿಗೆ ಬಿದ್ದವರನ್ನು ನೀರು ಕಡಲ ಕಡೆಗೇ ಒಯ್ಯುತ್ತದೆ ಎಂಬುದು ನೆನಪಿರಲಿ. ಅಲ್ಯೂಮಿನಿಯಂ ಹಿಡಿಯನ್ನು ವಿದ್ಯುತ್ ತಂತಿಯ ಕೆಳಗೆ ಎತ್ತಬೇಡಿ. ದೂರದಲ್ಲಿ ಗುಡುಗು ಕೇಳಿಸಿದರೂ ಸಾಮಾನು ಕಟ್ಟಿ ಹೊರಡಿ.

ಹಣೆದೀಪವನ್ನು ಜನರ ಮುಖಕ್ಕೆ, ದೋಣಿಗಳ ಕಡೆಗೆ ತಿರುಗಿಸಬೇಡಿ. ಗಾಳ ಹಾಕಿದವರ ನೀರಿನ ಮೇಲೆ ಬೆಳಕು ಚೆಲ್ಲಬೇಡಿ, ಮೀನು ಚದುರಿದರೆ ಜಗಳಕ್ಕೆ ಬೇರೆ ಕಾರಣ ಬೇಡ. ಹಗ್ಗ, ವೈರು ಓಡಾಡುವ ದಾರಿಗೆ ಅಡ್ಡ ಬೀಳದಂತೆ ಕಟಾಂಜನಕ್ಕೆ ಕಟ್ಟಿ. ತಲೆ, ಸಿಪ್ಪೆ ಹಲಗೆಯ ಮೇಲೆ ಬಿಟ್ಟು ಬರುವುದರಿಂದಲೇ ಎಷ್ಟೋ ಜೆಟ್ಟಿಗಳಲ್ಲಿ ಬಲೆಯವರಿಗೆ ಬಾಗಿಲು ಮುಚ್ಚಿದೆ.

ಬಲೆ ಎಷ್ಟು ವರ್ಷ ಬಾಳುತ್ತದೆ?

ತೊಳೆಯದಿದ್ದರೆ ಒಂದು ಹಂಗಾಮು. ಪ್ರತಿ ಸಲ ಸಿಹಿನೀರಿನಲ್ಲಿ ಅದ್ದಿ, ಸಿಕ್ಕಿದ ಕಡ್ಡಿ-ಚಿಪ್ಪು ಬಿಡಿಸಿ, ನೆರಳಿನಲ್ಲಿ ನೆತ್ತಿಯಿಂದ ತೂಗುಹಾಕಿ ಒಣಗಿಸಿ. ನೈಲಾನನ್ನು ಉಪ್ಪಿಗಿಂತ ಬಿಸಿಲು ಬೇಗ ತಿನ್ನುತ್ತದೆ. ಒಂದು ಕಣ್ಣು ಹರಿದಾಗಲೇ ಗಂಟು ಹಾಕಿ. ಗುಂಡಿನ ಸಾಲಿನ ಪಕ್ಕದ ತೂತುಗಳನ್ನು ಮೊದಲು ಮುಚ್ಚಿ, ಎಳೆಯುವಾಗ ಸಿಗಡಿ ಬಂದು ಸೇರುವುದು ಅಲ್ಲಿಗೇ.